ವಾರ್ ಹಾರ್ಸ್ ನೋಡಲು ಕೂರುವ ಮುಂಚೆ ಒಂದು ಟವೆಲ್ ಹುಡುಕಿಟ್ಟುಕೊಳ್ಳಿ

ಮೊದಲ ಸಲ ಈ ಸಿನಿಮಾ ನೋಡುವಾಗ ನನ್ನ ಕೈಯಲ್ಲಿ ಚುರುಮುರಿ ಪೊಟ್ಟಣ ಇತ್ತು. ಅದೇ ತಪ್ಪಾಗಿದ್ದು. ಕಣ್ಣೀರು ಬಂತು, ಒರೆಸಿಕೊಂಡೆ, ಬೆರಳಿನ ಖಾರ ಪೂರಾ ಕಣ್ಣಿಗೆ ಹೋಯಿತು. ಬಚ್ಚಲಲ್ಲಿ ನಿಂತು ಹತ್ತು ನಿಮಿಷ ನೀರು ಎರಚಿಕೊಂಡೆ. ಬಾಗಿಲಾಚೆಯಿಂದ ಹೆಂಡತಿ, “ಏನ್ರೀ, ಅತ್ತೆ ಹೋದಾಗಲೂ ನೀವು ಹೀಗೆ ಅತ್ತಿರಲಿಲ್ಲ” ಅಂದಳು. ನಿಜವೇ. ಅದಕ್ಕೇ ಉತ್ತರ ಕೊಡಲಿಲ್ಲ.

ಆಮೇಲೆ ಇನ್ನೂ ಮೂರು ಸಲ ನೋಡಿದ್ದೇನೆ. ಈಗ ಒಂದು ಪದ್ಧತಿ ಕುದುರಿದೆ.

ರಾತ್ರಿ ಹಾಕಬೇಡಿ. ಸುಮಾರು ಎರಡೂವರೆ ಗಂಟೆಯ ಚಿತ್ರ, ಮುಗಿದ ಮೇಲೆ ಬೇಗ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಊದಿದ ಕಣ್ಣಲ್ಲಿ ಕೆಲಸಕ್ಕೆ ಹೋಗಬೇಕಾಗುತ್ತದೆ. ಭಾನುವಾರ ಊಟ ಆದ ಮೇಲೆ ಸರಿಯಾದ ಹೊತ್ತು. ತಿನ್ನಲು ಬಾಳೆಹಣ್ಣು ಸಾಕು. ಟಿಶ್ಯೂ ಬೇಡ, ಗಡ್ಡಕ್ಕೆ ಅಂಟಿಕೊಳ್ಳುತ್ತದೆ. ಒಗೆದೊಗೆದು ಮೆತ್ತಗಾದ ಹಳೇ ಟವೆಲ್ ಇರಲಿ. ಎಲ್ಲರಿಗಿಂತ ಹಿಂದಿನ ಕುರ್ಚಿ ಹಿಡಿಯಿರಿ. ಮಧ್ಯೆ ಯಾರೂ ಲೈಟ್ ಹಾಕಬಾರದು ಅಂತ ಮೊದಲೇ ಹೇಳಿಬಿಡಿ.

ಮಕ್ಕಳು ಜೊತೆಗಿದ್ದರೆ ಕಥೆಯನ್ನೂ ಮೊದಲೇ ಹೇಳಿ. ಮೊದಲ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಡೆವನ್ ಕಡೆಯ ಹುಡುಗ ಆಲ್ಬರ್ಟ್, ಅವನ ಕುದುರೆ ಜೋಯಿ. ಹಣೆಯಲ್ಲಿ ಬಿಳಿ ಮಚ್ಚೆ, ನಾಲ್ಕೂ ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ ಗುರುತು. ಅಪ್ಪ ಅದನ್ನು ಸೈನ್ಯಕ್ಕೆ ಮಾರುತ್ತಾನೆ. ಜೋಯಿ ಸಾಯುವುದಿಲ್ಲ. ಜೊತೆಗಿರುವ ಕಪ್ಪು ಕುದುರೆ ಟಾಪ್‌ಥಾರ್ನ್ ಸಾಯುತ್ತದೆ. ಇಷ್ಟನ್ನೂ ಮುಚ್ಚುಮರೆ ಇಲ್ಲದೆ ಹೇಳಿ. ಸ್ವಾರಸ್ಯ ಹೋಗಲ್ವಾ ಅಂತ ಕೇಳಬಹುದು. ಹೋಗಲ್ಲ. ಏನಾಗುತ್ತದೋ ಅಂತ ಕೈ ಬಿಗಿಹಿಡಿದು ಕೂತ ಮಗು ಏನನ್ನೂ ಸರಿಯಾಗಿ ನೋಡುವುದಿಲ್ಲ.

ಮುಳ್ಳುತಂತಿಯ ದೃಶ್ಯಕ್ಕೆ ಬೇರೆಯದೇ ತಯಾರಿ ಬೇಕು. ಎರಡೂ ಸೈನ್ಯಗಳ ಕಂದಕಗಳ ನಡುವಿನ ಬಯಲಲ್ಲಿ ಜೋಯಿ ಓಡಿ ಓಡಿ ತಂತಿಗೆ ಸಿಕ್ಕಿ ಬೀಳುತ್ತದೆ. ಮಗಳಿಗೆ ನಾನು ಹೇಳಿದ್ದು ಇಷ್ಟು: ಆ ತಂತಿ ರಬ್ಬರಿನದು, ಹತ್ತಿರದಿಂದ ತೋರಿಸುವ ಕಡೆ ಕೆಲವು ಸಲ ಯಂತ್ರದ ಕುದುರೆ. ಅವಳು ಸುಮ್ಮನಾದಳು. ನನ್ನ ಮೇಲೆ ಈ ಮದ್ದು ಕೆಲಸ ಮಾಡಲಿಲ್ಲ.

ಯಾಕೆಂದರೆ ನಾನು ಅಳುವುದು ತಂತಿಗಲ್ಲ. ಒಬ್ಬ ಇಂಗ್ಲಿಷ್ ಸೈನಿಕ ಬಿಳಿ ಬಟ್ಟೆ ಹಿಡಿದು ಹೊರಗೆ ಬರುತ್ತಾನೆ. ಆಚೆಯಿಂದ ಒಬ್ಬ ಜರ್ಮನ್ ಬರುತ್ತಾನೆ. ತಂತಿ ಕತ್ತರಿಸಲು ಇನ್ನೂ ಕಟರ್ ಬೇಕು ಅಂತ ಕೂಗಿದ ತಕ್ಷಣ ಕಂದಕದೊಳಗಿಂದ ಒಂದಲ್ಲ, ಹಲವು ಕಟರ್‌ಗಳು ಹಾರಿ ಬಂದು ಬೀಳುತ್ತವೆ. ಎಸೆದವರ ಮುಖ ಕಾಣುವುದಿಲ್ಲ. ಟವೆಲ್ ಕೈಗೆತ್ತಿಕೊಳ್ಳಬೇಕಾದ್ದು ಇಲ್ಲಿ. ಸಾವಿನ ದೃಶ್ಯಕ್ಕೆ ಎದೆ ಗಟ್ಟಿ ಮಾಡಿಕೊಂಡಿರುತ್ತೇವೆ, ಒಳ್ಳೆಯತನಕ್ಕೆ ಮಾಡಿಕೊಂಡಿರುವುದಿಲ್ಲ. ಚಿತ್ರ ನಿಲ್ಲಿಸಿ ಕಾಫಿಗೆ ಎದ್ದು ಹೋಗಬೇಡಿ. ನಿಲ್ಲಿಸಿದರೆ ಗಂಟಲಲ್ಲೇ ಉಳಿದುಬಿಡುತ್ತದೆ.

ಕೊನೆಯ ಕೆಂಪು ಆಕಾಶದ ದೃಶ್ಯ ನನಗೆ ಸ್ವಲ್ಪ ಜಾಸ್ತಿ ಸಿಹಿ ಅನ್ನಿಸಿತು. ಅಲ್ಲಿ ಬೇಕಾದರೆ ಮೂಗು ಸ್ವಚ್ಛ ಮಾಡಿಕೊಳ್ಳಿ.

ಚರಿತ್ರೆ ಓದುವುದಿದ್ದರೆ ಚಿತ್ರ ಮುಗಿದ ಮೇಲೆ, ಅದೂ ಮಾರನೇ ದಿನ. ನಾನು ಅದೇ ರಾತ್ರಿ ಓದಲು ಕೂತು ಕೆಟ್ಟೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಹಿಡಿದವರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸವಾರರ ಪಡೆ, ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು, ಕುದುರೆ ಮೇಲೆ. ದೆಹಲಿಯ ತೀನ್ ಮೂರ್ತಿಯಲ್ಲಿರುವ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರಿನ ಸವಾರರ ನೆನಪಿಗೆ ನಿಲ್ಲಿಸಿದ್ದು. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಕುದುರೆ ಇಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಡೊರೊಥಿ ಬ್ರೂಕ್ ಅನ್ನುವ ಹೆಂಗಸಿನ ವಿಷಯವನ್ನೂ ಓದಿದೆ. 1930ರಲ್ಲಿ ಕೈರೋಗೆ ಹೋದಾಗ, ಯುದ್ಧ ಮುಗಿದ ಮೇಲೆ ಅಲ್ಲೇ ಮಾರಿಬಿಟ್ಟಿದ್ದ ಸೈನ್ಯದ ಕುದುರೆಗಳು ಎಲುಬು ಬಿಟ್ಟುಕೊಂಡು ಗಾಡಿ ಎಳೆಯುತ್ತಿದ್ದದ್ದನ್ನು ಆಕೆ ಕಂಡರು. ಪತ್ರಿಕೆಗೆ ಪತ್ರ ಬರೆದು ದುಡ್ಡು ಕೂಡಿಸಿ ಸುಮಾರು 5,000 ಕುದುರೆ ಕೊಂಡರು. ಅವುಗಳಲ್ಲಿ ಹೆಚ್ಚಿನವಕ್ಕೆ ಎಷ್ಟು ವಯಸ್ಸಾಗಿತ್ತು, ಎಷ್ಟು ನೋವಿತ್ತು ಅಂದರೆ, ನರಳದಂತೆ ಸಾಯಿಸುವುದೊಂದೇ ಆಕೆಗೆ ಉಳಿದ ದಾರಿ. ಬದುಕಿದ್ದವಕ್ಕಾಗಿ 1934ರಲ್ಲಿ ಅಲ್ಲೇ ಒಂದು ಆಸ್ಪತ್ರೆ ತೆರೆದರು.

ಗಾಡಿ ಅನ್ನುವ ಮಾತು ಬಂದಾಗ ಲ್ಯಾಪ್‌ಟಾಪ್ ಮುಚ್ಚಿದೆ. ನಮ್ಮ ತಾತ ಮೈಸೂರಲ್ಲಿ ಜಟಕಾ ಓಡಿಸುತ್ತಿದ್ದರು. ಕುದುರೆಯ ಹೆಸರು ಮೋತಿ. ರಾತ್ರಿ ಹುರುಳಿ ನೆನೆಹಾಕುವುದು ನನ್ನ ಕೆಲಸ. ಆಟೋಗಳು ಜಾಸ್ತಿಯಾದವು, ತಾತನ ಮಂಡಿ ಸೋತಿತು. ಒಂದು ದಿನ ಸ್ಕೂಲಿಂದ ಬಂದರೆ ಲಾಯ ಖಾಲಿ. ಯಾರಿಗೆ ಕೊಟ್ಟಿರಿ ಅಂತ ನಾನು ಕೇಳಲಿಲ್ಲ. ತಾತನೂ ಹೇಳಲಿಲ್ಲ. ಹೆಂಡತಿಗೆ ಇದನ್ನು ಹೇಳಿದ್ದು ಎರಡನೇ ಸಲ ಸಿನಿಮಾ ನೋಡಿದ ಮೇಲೆ. ಆಮೇಲೆ ಅವಳು ಛೇಡಿಸಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಲೆಕ್ಕಕ್ಕಿಂತ ಜಾಸ್ತಿ ಅತ್ತರೆ ನಗಬೇಡಿ. ಕಾರಣ ಕೇಳುವುದನ್ನೂ ಒಂದೆರಡು ದಿನ ತಡ ಮಾಡಿ.

ಚಿತ್ರ ಮುಗಿದ ಮೇಲೆ ಮನೆಯಲ್ಲಿ ಕೂರಬೇಡಿ, ಹೊರಗೆ ಹೋಗಿ. ನಾವು ಅರಮನೆ ಹತ್ತಿರದ ಟಾಂಗಾಗಳ ಕಡೆ ಹೋಗುತ್ತೇವೆ. ಕುದುರೆಗೆ ಏನಾದರೂ ಕೊಡುವ ಮುಂಚೆ ಗಾಡಿಯವರನ್ನು ಕೇಳಿ. ಹಿಂದಿನಿಂದ ಹೋಗಬೇಡಿ, ಅದಕ್ಕೆ ಕಾಣುವ ಹಾಗೆ ಪಕ್ಕದಿಂದ ಹತ್ತಿರ ಬನ್ನಿ. ಕ್ಯಾರೆಟ್ಟನ್ನು ಉದ್ದುದ್ದಕ್ಕೆ ಸೀಳಿರಬೇಕು. ಅಂಗೈ ತಟ್ಟೆಯ ಹಾಗೆ ಚಪ್ಪಟೆ ಹಿಡಿಯಿರಿ, ಹೆಬ್ಬೆರಳನ್ನು ಬೆರಳುಗಳ ಪಕ್ಕಕ್ಕೆ ಒತ್ತಿಕೊಳ್ಳಿ, ಇಲ್ಲದಿದ್ದರೆ ಅದನ್ನೂ ಕ್ಯಾರೆಟ್ ಅಂದುಕೊಳ್ಳುತ್ತದೆ. ತಾತ ಕಲಿಸಿದ್ದು. ಅಂಗೈ ತುಂಬ ಜೊಲ್ಲಾಗುತ್ತದೆ. ಒರೆಸಿಕೊಳ್ಳಲು ಟವೆಲ್ ಹೇಗೂ ಹೆಗಲ ಮೇಲೇ ಇರುತ್ತದೆ.