ಕುಕ್ಕರ್‌ನಲ್ಲಿ ಕಳ್ಳಿ ಗಿಡ: ನನ್ನ ಟಿಶ್ಯೂ ಕಲ್ಚರ್ ಅನುಭವ

ಗಿಡದ ಚಿಕ್ಕ ಹೋಳನ್ನು ಬಾಟಲಿಯೊಳಗಿನ ಜೆಲ್ಲಿಯಲ್ಲಿ ಬೆಳೆಸಿ ಸಸಿ ಮಾಡುವುದಕ್ಕೆ ಟಿಶ್ಯೂ ಕಲ್ಚರ್ ಅನ್ನುತ್ತಾರೆ. ನಮ್ಮ ಶಿವಮೊಗ್ಗ ಕಡೆ ಹಾಗಂದರೆ ಬಾಳೆ ಅಂತಲೇ ಅರ್ಥ. ಜಿ-9 ಎಂಬ ತಳಿಯ ಬಾಳೆ ಸಸಿ ತಂದು ನೆಟ್ಟವರು ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ಅದನ್ನೇ ಕಳ್ಳಿ ಗಿಡಕ್ಕೆ, ಅದೂ ಮನೆಯಲ್ಲೇ ಮಾಡ್ತೀನಿ ಅಂದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಕುಕ್ಕರ್‌ನಲ್ಲಿ?"

ಬಾಟಲಿ, ಜೆಲ್ಲಿ ಎಲ್ಲವನ್ನೂ ಬೇಯಿಸಿ ಕ್ರಿಮಿ ಕೊಲ್ಲಲು ಹಳೆಯ ಹತ್ತು ಲೀಟರ್ ಕುಕ್ಕರ್ ಕೊಟ್ಟರು. ಬಾಕಿ ಸಾಮಾನು ದೊಡ್ಡದೇನಲ್ಲ. ಜಾಮ್ ಬಾಟಲಿಗಳು, ಜೆಲ್ಲಿ ಹೆಪ್ಪುಗಟ್ಟಿಸುವ ಅಂಗಡಿಯ ಅಗರ್ ಪುಡಿ, ಮನೆಯ ಸಕ್ಕರೆ, ಸರ್ಜಿಕಲ್ ಬ್ಲೇಡು, ಉದ್ದ ಚಿಮಟ. ಕೊಳ್ಳಲೇಬೇಕಾದದ್ದು ಎಂ.ಎಸ್. ಪುಡಿ. ಮುರಾಶಿಗೆ ಮತ್ತು ಸ್ಕೂಗ್ ಎಂಬ ಇಬ್ಬರು 1962ರಲ್ಲಿ ತಂಬಾಕು ಗಿಡಕ್ಕೆ ಅಂತ ಕಂಡುಹಿಡಿದ ಲವಣಗಳ ಮಿಶ್ರಣ ಅದು. ಇವತ್ತಿಗೂ ಹೆಚ್ಚಿನ ಗಿಡಗಳಿಗೆ ಮೊದಲು ಅದನ್ನೇ ಹಾಕಿ ನೋಡುತ್ತಾರೆ.

ಮೊದಲ ಸಲ ಮ್ಯಾಮಿಲೇರಿಯಾ ಎಂಬ ಕಳ್ಳಿಯ ಕುಂಡದಿಂದ ಒಂದು ಮರಿ ಕಿತ್ತು, ಹೋಳು ಮಾಡಿ ಹನ್ನೆರಡು ಬಾಟಲಿಗೆ ಹಾಕಿದೆ. ಐದನೇ ದಿನಕ್ಕೆ ಹನ್ನೆರಡರಲ್ಲೂ ಬೂಷ್ಟು. ಕಪ್ಪು, ಹಸಿರು, ಒಂದರಲ್ಲಿ ಗುಲಾಬಿ ಬಣ್ಣದ್ದು ಕೂಡ. ಹೊರಗೆ ಜುಲೈ ಮಳೆ. ಗೋಡೆಗೇ ಬೂಷ್ಟು ಹಿಡಿಯುವ ಕಾಲ, ಸಕ್ಕರೆ ಹಾಕಿದ ಜೆಲ್ಲಿ ಬಿಡುತ್ತಾ?

ಆದರೆ ಮಳೆಯ ಮೇಲೆ ಮಾತ್ರ ತಪ್ಪು ಹೊರಿಸುವ ಹಾಗಿಲ್ಲ. ಕಳ್ಳಿಯ ಮುಳ್ಳು ಹುಟ್ಟುವ ಜಾಗ ನೋಡಿದ್ದೀರಲ್ಲ, ಹತ್ತಿಯಂಥ ಚಿಕ್ಕ ಗುಬುಟು. ಆಲೂಗಡ್ಡೆಗೆ ಕಣ್ಣು ಇದ್ದ ಹಾಗೆ ಅದು ಕಳ್ಳಿಯ ಕಣ್ಣು. ಹೊಸ ಮೊಳಕೆ ಬರಬೇಕಾದದ್ದು ಅಲ್ಲಿಂದಲೇ. ವರ್ಷಗಟ್ಟಲೆ ಧೂಳು ತುಂಬಿ ಕೂತಿರುವುದೂ ಅಲ್ಲೇ. ಬ್ಲೀಚಿನಲ್ಲಿ ಎಷ್ಟು ಮುಳುಗಿಸಿದರೂ ಆ ಹತ್ತಿಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಜಾಸ್ತಿ ಹೊತ್ತು ಬಿಟ್ಟರೆ ಗಿಡವೇ ಬೆಳ್ಳಗಾಗಿ ಸಾಯುತ್ತದೆ. ಅಲ್ಲದೆ ಮ್ಯಾಮಿಲೇರಿಯಾ ತಾನೇ ಮರಿ ಹಾಕುವ ಗಿಡ. ಅದಕ್ಕೆ ಇಷ್ಟೆಲ್ಲ ಪಾಡು ಯಾಕೆ ಬೇಕಿತ್ತು ಅಂತ ಆಮೇಲೆ ನನಗೇ ನಗು ಬಂತು.

ಎರಡನೇ ಸಲ ಎರಡನ್ನೂ ಬದಲಿಸಿದೆ. ಗಿಡ ಆಸ್ಟ್ರೋಫೈಟಮ್, ಶುರು ಬೀಜದಿಂದ. ಇದು ಮೆಕ್ಸಿಕೋ ಕಡೆಯ ಕಳ್ಳಿ, ಮೇಲಿಂದ ನೋಡಿದರೆ ನಕ್ಷತ್ರದ ಆಕಾರ. ಸಾಮಾನ್ಯವಾಗಿ ಮರಿ ಹಾಕುವುದಿಲ್ಲ. ಅದಕ್ಕೇ ಕಾಡಿನಿಂದ ಕದ್ದು ಮಾರುವವರೂ ಇದ್ದಾರೆ. ಇದರ ಆಸ್ಟೇರಿಯಾಸ್ ಜಾತಿ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಬೀಜದ ಅನುಕೂಲ ಏನೆಂದರೆ ಸಿಪ್ಪೆ ಗಟ್ಟಿ, ಬ್ಲೀಚ್ ತಡೆಯುತ್ತದೆ. ಒಂದು ಪಾಲು ಬ್ಲೀಚು, ಒಂಬತ್ತು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಹತ್ತು ನಿಮಿಷ ಅಲ್ಲಾಡಿಸಿ, ಕುಕ್ಕರ್‌ನಲ್ಲಿ ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ತೊಳೆದೆ.

ಲೀಟರಿಗೆ ನನ್ನ ಲೆಕ್ಕ: ಎಂ.ಎಸ್. ಪುಡಿ 2.2 ಗ್ರಾಂ, ಅಂದರೆ ಪೂರ್ತಿ ಅಳತೆಯ ಅರ್ಧ. ಸಕ್ಕರೆ 30 ಗ್ರಾಂ, ಅಗರ್ 8 ಗ್ರಾಂ. ಪಿಎಚ್, ಅಂದರೆ ಹುಳಿಯ ಅಳತೆ, 5.7ರ ಹತ್ತಿರ ಇರಬೇಕು. ಒಮ್ಮೆ ವಿನೆಗರ್ ಕೈಜಾರಿ ಜಾಸ್ತಿ ಬಿದ್ದು, ಹೆಪ್ಪುಗಟ್ಟದೆ ಗಂಜಿಯ ಹಾಗೇ ಉಳಿಯಿತು. ಬಾಟಲಿ ಮುಚ್ಚಳ ಸಡಿಲವಾಗಿಟ್ಟು, ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಆಮೇಲೆ ಅವಸರಪಟ್ಟು ವಿಷಲ್ ಎತ್ತಬೇಡಿ. ಒತ್ತಡ ಒಮ್ಮೆಲೇ ಇಳಿದರೆ ಬಾಟಲಿಯೊಳಗಿನದೆಲ್ಲ ಉಕ್ಕಿ ಕುಕ್ಕರ್ ಪಾಲಾಗುತ್ತದೆ.

ಬಾಟಲಿಗೆ ಹಾಕುವ ಕೆಲಸಕ್ಕೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಬೋರಲು ಹಾಕಿ, ಪಕ್ಕದಲ್ಲಿ ಕೈ ತೂರಿಸಲು ಎರಡು ತೂತು ಕೊರೆದೆ. ಫ್ಯಾನ್ ಬಂದ್, ಕಿಟಕಿ ಬಂದ್. ಒಳಗೆಲ್ಲ ಸ್ಪಿರಿಟ್ ಒರೆಸಿ ಹತ್ತು ನಿಮಿಷ ಸುಮ್ನೆ ಬಿಟ್ಟರೆ ಧೂಳು ಕೆಳಗೆ ಕೂರುತ್ತದೆ. ಮೊದಮೊದಲು ಒಳಗೇ ಸ್ಪಿರಿಟ್ ದೀಪ ಇಟ್ಟುಕೊಂಡಿದ್ದೆ. ಒಂದು ದಿನ ಒದ್ದೆ ಚಿಮಟದಿಂದ ಹನಿ ಬಿದ್ದು ಡಬ್ಬದ ತಳದಲ್ಲಿ ನೀಲಿ ಬೆಂಕಿ ಓಡಿತು. ಒದ್ದೆ ಟವೆಲ್ ಇತ್ತು, ಬಚಾವ್. ಅವತ್ತಿನಿಂದ ದೀಪವೇ ಇಲ್ಲ. ಬ್ಲೇಡು, ಚಿಮಟಗಳನ್ನು ಫಾಯಿಲ್‌ನಲ್ಲಿ ಸುತ್ತಿ ಕುಕ್ಕರ್‌ನಲ್ಲೇ ಬೇಯಿಸಿಟ್ಟುಕೊಳ್ಳುತ್ತೇನೆ.

ವಾರದೊಳಗೆ ಬೀಜ ಒಡೆಯಿತು. ಹದಿನಾರರಲ್ಲಿ ಮೂರು ಬಾಟಲಿಗೆ ಮಾತ್ರ ಬೂಷ್ಟು. ಮೂರು ತಿಂಗಳಿಗೆ ಸಸಿಗಳು ಬಟಾಣಿ ಗಾತ್ರ. ಆಗ ನೆತ್ತಿ ಕತ್ತರಿಸಿ, ಬೇರು ತೆಗೆದು, ನಡುವಿನ ಬಿಲ್ಲೆಯನ್ನು ಹೊಸ ಬಾಟಲಿಗೆ ಹಾಕಬೇಕು. ತುದಿ ಹೋದರೆ ಪಕ್ಕದ ಕಣ್ಣು ಏಳುತ್ತದೆ. ಎಬ್ಬಿಸಲು ಬಿಎಪಿ ಎಂಬ ಹಾರ್ಮೋನು, ಲೀಟರಿಗೆ ಬರೀ 1 ಮಿಲಿಗ್ರಾಂ. ಇಷ್ಟು ತೂಗುವುದು ಹೇಗೆ? 100 ಮಿಲಿಗ್ರಾಂ ಪುಡಿಯನ್ನು ನಮ್ಮ ಬೀದಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ, ಕಾಗದದ ಮೇಲೆ ತೂಗಿಸಿಕೊಂಡು ಬಂದೆ. "ಏನಮ್ಮಾ ಇದು, ಚಿನ್ನಕ್ಕಿಂತ ತುಟ್ಟಿನಾ?" ಅಂದರು. ಕೆಲವು ಹನಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಕರಗಿಸಿ, 100 ಎಂಎಲ್‌ಗೆ ನೀರು ಸೇರಿಸಿದೆ. ಇನ್ನು ಸಿರಿಂಜಿನಲ್ಲಿ 1 ಎಂಎಲ್ ಎಳೆದರೆ 1 ಮಿಲಿಗ್ರಾಂ.

ಐದು ವಾರ ಏನೂ ಕಾಣಲಿಲ್ಲ. ಆರನೇ ವಾರ ಭೂತಗನ್ನಡಿ ಹಿಡಿದಾಗ ಒಂದು ಬಿಲ್ಲೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಉಬ್ಬು, ಅದರ ಮೇಲೆ ಬಿಳಿ ಚುಕ್ಕಿ. ಪಕ್ಕದಲ್ಲೇ ಇನ್ನೆರಡು. ಅತ್ತೆಯನ್ನು ಕರೆದು ತೋರಿಸಿದೆ. ದುರಾಸೆಗೆ ಬಿದ್ದು ಕೆಲವಕ್ಕೆ ಬಿಎಪಿ ಎರಡರಷ್ಟು ಹಾಕಿದ್ದೆ. ಅವು ನೀರು ಕುಡಿದ ಗಾಜಿನ ಹಾಗೆ ಊದಿಕೊಂಡವು, ಒಂದೂ ಉಳಿಯಲಿಲ್ಲ.

ಒಂದು ಮಾತು ಹೇಳಿಬಿಡಬೇಕು. ಬೀಜದಿಂದ ಶುರು ಮಾಡಿದರೆ ಸಿಗುವುದು ಆ ಸಸಿಯ ನಕಲು, ಕುಂಡದಲ್ಲಿರುವ ನಿಮ್ಮ ಮೆಚ್ಚಿನ ತಾಯಿ ಗಿಡದ ನಕಲಲ್ಲ.

ಹೊರಗೆ ತರುವಾಗ ಇನ್ನೊಂದು ಪೆಟ್ಟು. ಬೇರಿಗೆ ಅಂಟಿದ ಜೆಲ್ಲಿ ಪೂರ್ತಿ ತೊಳೆಯದೆ ಹದಿನಾಲ್ಕು ನೆಟ್ಟೆ. ಸಕ್ಕರೆಗೆ ಬೂಷ್ಟು ಬಂದು ಒಂಬತ್ತು ಕೊಳೆತವು. ಈಗ ಬ್ರಷ್ ಹಿಡಿದು ತೊಳೆದು, ದಪ್ಪ ಮರಳಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಲೋಟ ಮುಚ್ಚುತ್ತೇನೆ. ಮೂರು ವಾರದಲ್ಲಿ ದಿನಾ ಸ್ವಲ್ಪ ಸ್ವಲ್ಪ ಗಾಳಿಗೆ ಬಿಡುತ್ತೇನೆ. ಬೇರು ಬಿಡದ ಪುಟ್ಟ ಸಸಿಗಳನ್ನು ಡ್ರ್ಯಾಗನ್ ಫ್ರೂಟ್ ಕಾಂಡಕ್ಕೆ ಕಸಿ ಕಟ್ಟುವುದು ಇನ್ನೂ ಸುಲಭ. ಕತ್ತರಿಸಿದಾಗ ಎರಡರ ನಟ್ಟನಡುವೆಯೂ ಕಾಣುವ ಉಂಗುರಗಳು ಒಂದಕ್ಕೊಂದು ತಾಗುವ ಹಾಗೆ ಕೂರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಮುಗೀತು.

ಉಳಿದ ಐದು ಈಗ ಕಿಟಕಿಯ ಹತ್ತಿರ ಇವೆ, ನಾಲ್ಕಾಣೆ ಅಗಲ ಆಗಿವೆ. ಮುಂದಿನ ಬ್ಯಾಚಿಗೆ ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದೇನೆ. ಕುಕ್ಕರ್ ಮಾತ್ರ ಅತ್ತೆ ವಾಪಸ್ ತೆಗೆದುಕೊಂಡಿಲ್ಲ. ಅದರಲ್ಲಿ ಅನ್ನ ಮಾಡಿದರೆ ಬ್ಲೀಚ್ ವಾಸನೆ ಬರುತ್ತದಂತೆ.