ಮಡ್ಡಿ ನೆಲದ ಹಕ್ಕಳೆ: ಒಡೆಯುವುದು ಯಾವುದು, ಉಳಿಸುವುದು ಯಾವುದು

ಬೀದರಿನ ಜಂಬಿಟ್ಟಿಗೆ ಮಡ್ಡಿಯಲ್ಲಿ, ಯಾದಗಿರಿಯ ಕಲ್ಲುಗುಡ್ಡಗಳ ಬುಡದ ಮರಳು ಬೆರೆತ ಕೆಂಪು ನೆಲದಲ್ಲಿ ಹುಲ್ಲಿನ ಬುಡಗಳ ನಡುವೆ ಬಗ್ಗಿ ನೋಡಿ. ಕೆಲವು ಕಡೆ ಮಣ್ಣು ಕಪ್ಪುಗಟ್ಟಿ, ತವೆಯ ಮೇಲೆ ಕಂದಿದ ರೊಟ್ಟಿಯ ಮೈಯಂತೆ ಸಣ್ಣಗೆ ಉಬ್ಬಿರುತ್ತದೆ. ಕೆಲವೇ ಮಿಲಿಮೀಟರ್ ದಪ್ಪದ ಆ ಹಕ್ಕಳೆಗೆ ಜೀವವಿದೆ. ನೀಲಿ-ಹಸಿರು ಪಾಚಿ, ಹಾವಸೆ (ಮಾಸ್), ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ ಜೀವಿಗಳು ಅದರಲ್ಲಿ ಒಟ್ಟಿಗೆ ಬದುಕುತ್ತವೆ. ಮೈಕ್ರೋಕೋಲಿಯಸ್ ಎಂಬ ಪಾಚಿಯ ಎಳೆಗಳು ಮಣ್ಣಿನ ಕಣಗಳನ್ನು ಅಂಟಿನಿಂದ ಹೊಲಿದು ಹಿಡಿಯುತ್ತವೆ. ನೋಸ್ಟಾಕ್, ಸೈಟೋನಿಮಾ ಎಂಬ ಪಾಚಿಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆ. ಈ ಹೊಲಿಗೆ ಹರಿದ ಜಾಗದಿಂದಲೇ ಮೊದಲು ನುಣುಪು ಮಣ್ಣು ಹೋಗುತ್ತದೆ, ಆಮೇಲೆ ಹುಲ್ಲು, ಕೊನೆಗೆ ಅಲ್ಲಿ ಕೊರಕಲು ಬೀಳುತ್ತದೆ.

ತೊಗರಿ ಬಿತ್ತಿದ ಮೇಲೆ ಜೋರು ಮಳೆ ಬಿದ್ದು ಒಣಗಿದಾಗ ಹೊಲದಲ್ಲಿ ಕಟ್ಟುವ ಹಕ್ಕಳೆ ಬೇರೆ. ಹನಿಯ ಹೊಡೆತಕ್ಕೆ ಕಣಗಳು ಒಡೆದು ಗಾರೆಯಂತೆ ಕೂತಿರುತ್ತವೆ. ಅದನ್ನು ಒಡೆಯಲೇಬೇಕು, ಇಲ್ಲದಿದ್ದರೆ ಮೊಳಕೆ ಮೇಲೆ ಬರಲಾರದೆ ಒಳಗೇ ಡೊಂಕಾಗುತ್ತದೆ. ಎರಡನ್ನೂ ಗುರುತಿಸಲು ಉಗುರಗಲದ ತುಂಡೊಂದನ್ನು ಬಿಳಿ ಬಟ್ಟಲಿನ ಮಳೆನೀರಿಗೆ ಮೆಲ್ಲಗೆ ಬಿಡಿ. ಮಳೆಯಿಂದಾದ ಹಕ್ಕಳೆ ಕೆಲವೇ ನಿಮಿಷದಲ್ಲಿ ಕರಗಿ ಕೆಸರಾಗುತ್ತದೆ, ಜೀವದ ಹಕ್ಕಳೆ ಇಡಿಯಾಗಿ ಉಳಿಯುತ್ತದೆ. ಅಂಚನ್ನು ಮುರಿದರೆ ಕೂದಲಿಗಿಂತ ತೆಳು ಎಳೆಗಳಲ್ಲಿ ಮರಳಿನ ಕಣಗಳು ಜೋತಾಡುತ್ತವೆ. ನೆಲದ ಮೇಲೆಯೇ ನೀರು ಚಿಮುಕಿಸಿದರೂ ಗೊತ್ತಾಗುತ್ತದೆ: ಮುದುಡಿದ ಹಾವಸೆ ನೋಡುತ್ತಿದ್ದಂತೆ ಬಿಚ್ಚಿ ಹಸಿರಾಗುತ್ತದೆ, ಕರಿ ಕಾಗದದಂತೆ ಒಣಗಿದ್ದ ನೋಸ್ಟಾಕ್ ಉಬ್ಬಿ ಲೋಳೆಯಾಗುತ್ತದೆ.

ಕಲಬುರಗಿಯ ಎರೆ ಹೊಲದಲ್ಲಿ ಇದನ್ನು ಹುಡುಕಬೇಡಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಅದರ ಮೇಲೆ ವರ್ಷ ವರ್ಷ ಕುಂಟೆ ಹೊಡೆಯುತ್ತೇವೆ. ಹಳೆಯ ಒಡ್ಡು, ಗಾಯರಾಣ (ಗೋಮಾಳ), ಗರಸು ನೆಲ, ಕೊರಕಲಿನ ತಲೆಭಾಗ, ಇವು ಹುಡುಕಬೇಕಾದ ಜಾಗಗಳು.

ಇರುವ ಹಕ್ಕಳೆಯನ್ನು ಉಳಿಸುವುದು ಹೊಸದನ್ನು ಬೆಳೆಸುವುದಕ್ಕಿಂತ ಎಷ್ಟೋ ಪಾಲು ಸುಲಭ. ಒಣಗಿದ ಹಕ್ಕಳೆ ಹಪ್ಪಳದಂತೆ ಒಡೆಯುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ ಗರಸು, ಮರಳು ನೆಲದ ಮೇಲೆ ಕುರಿಹಿಂಡು ಹಾಯದಂತೆ ನೋಡಿಕೊಳ್ಳಿ. ಮಣ್ಣು ತುಸು ಹಸಿ ಇದ್ದಾಗ ಹಾನಿ ಕಡಿಮೆ. ಜಿಗುಟು ಮಣ್ಣಿನಲ್ಲಿ ಇದು ತಿರುವುಮುರುವು, ಹಸಿ ಇದ್ದಾಗಲೇ ಗೊರಸು ಹೂತು ಎಲ್ಲ ಕಲಸಿಹೋಗುತ್ತದೆ. ಓಡಾಡಲು ಒಂದೇ ದಾರಿ ಮಾಡಿ, ಶಹಾಬಾದ ಕಲ್ಲಿನ ಚೂರುಗಳನ್ನು ಹೆಜ್ಜೆಗೊಂದರಂತೆ ಹಾಸಿ. ಹುಲ್ಲಿಗೆ ಬೆಂಕಿ ಇಡಬೇಡಿ. ಸಸಿ ನೆಡುವ ಉತ್ಸಾಹದಲ್ಲಿ ಜೆಸಿಬಿ ತಂದು ಗಾಯರಾಣದ ಉದ್ದಕ್ಕೂ ಚರ ತೋಡುವುದನ್ನು ಕಂಡರೆ ಸಂಕಟವಾಗುತ್ತದೆ: ನೆಲವನ್ನು ಹಿಡಿದಿದ್ದ ಪದರು ಒಂದೇ ದಿನದಲ್ಲಿ ಮಣ್ಣಿನಡಿ ಹೂತು, ಬೆಳಕಿಲ್ಲದೆ ಸಾಯುತ್ತದೆ. ಗುಂಡಿ ಬೇಕೇ ಬೇಕೆಂದರೆ ಕೈಯಿಂದ ತೋಡಿ, ಮಣ್ಣನ್ನು ಇಳಿಜಾರಿನ ಕೆಳಬದಿಗೆ ಮಾತ್ರ ಹಾಕಿ.

ಹಾಳಾದ ಜಾಗದಲ್ಲಿ ಮತ್ತೆ ಬೆಳೆಸುವುದಾದರೆ ಮೊದಲು ಹರಿಯುವ ನೀರಿನ ಓಟ ಕಡಿಮೆ ಮಾಡಬೇಕು. ಸಮಪಾತಳಿಯಲ್ಲಿ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ, ಗೇಣುದ್ದ ಎತ್ತರದ ಕಲ್ಲುಸಾಲು ಸಾಕು. ಬಿತ್ತನೆಗೆ ಬೇಕಾದ ಹಕ್ಕಳೆಯನ್ನು ಕೃಷಿಹೊಂಡಕ್ಕೋ ರಸ್ತೆಗೋ ಹೇಗೂ ಅಗೆಯಲಿರುವ ಜಾಗದಿಂದ ಮಾತ್ರ ತನ್ನಿ. ಚೆನ್ನಾಗಿರುವ ನೆಲವನ್ನು ಸುಲಿದು ಇನ್ನೊಂದಕ್ಕೆ ಹೊದಿಸಿದರೆ ಲಾಭವೇನಿಲ್ಲ. ಒಣಗಿದ್ದಾಗ ಗಾರೆ ಕೆಲಸದ ಕರಣಿಯಿಂದ ಮೇಲಿನ 5 ಮಿಲಿಮೀಟರ್ ಅಷ್ಟೇ ಎತ್ತಿ. ಇನ್ನೂ ಆಳಕ್ಕೆ ಹೋದರೆ ಬರಿ ಮಣ್ಣು ಹೊತ್ತಂತೆ. ಒಂದು ಚದರ ಮೀಟರಿಗೆ ಸುಮಾರು 5 ಲೀಟರ್ ಸಿಗುತ್ತದೆ, 10 ಚದರ ಮೀಟರಿಗೆ ಅಷ್ಟು ಸಾಕು. ನೆರಳಲ್ಲಿ, ಬಟ್ಟೆಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿ ಉಳಿದರೆ ಕೊಳೆಯುತ್ತದೆ.

ಮೇ ತಿಂಗಳ ಗುಡುಗುಮಳೆಗೆ ಮುಂಚೆ ಹರಡಿದರೆ ಎಲ್ಲ ಕೊಚ್ಚಿಹೋಗುತ್ತದೆ. ಮಿರಗ (ಮೃಗಶಿರಾ ಮಳೆ) ಮುಗಿದು ಆರಿದ್ರಾ ಮಳೆ ಹಿಡಿದ ಮೇಲೆ, ಮೋಡ ಕವಿದ ದಿನ ನೋಡಿ. ನೆಲವನ್ನು ಒಂದು ಸೆಂಟಿಮೀಟರ್ ಆಳ ಮಾತ್ರ ಕೆರೆದು, ಹಕ್ಕಳೆಯನ್ನು ಬೆರಳಲ್ಲಿ ಪುಡಿಮಾಡಿ, ಚದರ ಮೀಟರಿಗೆ ಅರ್ಧ ಲೀಟರಿನಂತೆ ಕಲ್ಲುಸಾಲಿನ ಮೇಲ್ಬದಿಗೆ ಉದುರಿಸಿ ಅಂಗೈಯಿಂದ ಒತ್ತಿ. ಮೇಲೆ ಮಣ್ಣು ಎಳೆಯಬೇಡಿ. ತೊಗರಿ ಕಟ್ಟಿಗೆ, ಜೋಳದ ಕಣಿಕೆಯನ್ನು ಇಳಿಜಾರಿಗೆ ಅಡ್ಡಲಾಗಿ ಹಾಸಿ, ಆದರೆ ಅರ್ಧ ನೆಲ ಕಾಣುತ್ತಿರಲಿ. ದಟ್ಟವಾಗಿ ಮುಚ್ಚಿದರೆ ಪಾಚಿಗೆ ಬೆಳಕು ಸಿಗದು. ಸುತ್ತ ಜಾಲಿಮುಳ್ಳು ಕಟ್ಟಿದರೆ ಆಡು ಬರುವುದಿಲ್ಲ.

ಹೆಚ್ಚಿನವರು ತಪ್ಪುವುದು ನೀರಿನಲ್ಲಿ. ಮಳೆ ಬಿಡುವು ಕೊಟ್ಟಾಗ ಮಧ್ಯಾಹ್ನ ಒಂದಿಷ್ಟು ಚಿಮುಕಿಸುವುದಕ್ಕಿಂತ ಸುಮ್ಮನಿರುವುದೇ ಲೇಸು. ನೆನೆದೊಡನೆ ಈ ಜೀವಿಗಳು ಉಸಿರಾಡತೊಡಗಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡುತ್ತವೆ. ಹೊಸದನ್ನು ತಯಾರಿಸಿಕೊಳ್ಳುವ ಮುಂಚೆಯೇ ಒಣಗಿದರೆ ಸೊರಗುತ್ತವೆ, ಹಾವಸೆಯಂತೂ ಸತ್ತೇ ಹೋಗಬಹುದು. ಹಾಕುವುದಾದರೆ ನಸುಕಿನಲ್ಲಿ ಚದರ ಮೀಟರಿಗೆ 2 ಲೀಟರ್, ಝಾರಿಯಿಂದ, ಮೂರು-ನಾಲ್ಕು ದಿನ ಎಡೆಬಿಡದೆ ಹಾಕಿ. ಸವಳು ನೀರು ಬೇಡ.

ಇನ್ನೊಂದು ವಿಷಯ: ನುಣ್ಣನೆಯ ಹಕ್ಕಳೆಯ ಮೇಲೆ ನೀರು ಇಂಗದೆ ಜಾರಿದರೆ ಗಾಬರಿಯಾಗಿ ಕೆರೆಯಬೇಡಿ. ಆ ನೀರು ಕೆಳಗಿನ ಹುಲ್ಲಿನ ಬುಡಕ್ಕೆ ಸೇರುತ್ತದೆ. ಈ ಸೀಮೆಯ ಹುಲ್ಲು ಬದುಕುವುದೂ ಹಾಗೆಯೇ.

ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ ಎಣಿಸಿ. 50 ಸೆಂಟಿಮೀಟರಿನ ಚೌಕಟ್ಟಿಗೆ 10 ಸೆಂಟಿಮೀಟರಿಗೊಂದು ದಾರ ಕಟ್ಟಿದರೆ 16 ಕೂಡುಗಂಟು ಬರುತ್ತವೆ. ಹತ್ತು ಕಡೆ ಇಟ್ಟು, ನೀರು ಚಿಮುಕಿಸಿ, ಗಂಟಿನ ಕೆಳಗೆ ಹಸಿರಾದದ್ದನ್ನು ಮಾತ್ರ ಲೆಕ್ಕ ಹಿಡಿಯಿರಿ. 160ರಲ್ಲಿ 40 ಬಂದರೆ ಕಾಲುಭಾಗ ನೆಲ ಹಿಡಿದಿದೆ ಎಂದರ್ಥ. ಪಾಚಿ ಒಂದೆರಡು ಮಳೆಗಾಲದಲ್ಲಿ ಕಾಣಿಸಬಹುದು, ಕಲ್ಲುಹೂವಿನ ಬಳಗಕ್ಕೆ ಹಲವು ವರ್ಷ ಬೇಕು. ಎರಡನೆಯ ವರ್ಷವೂ ಲೆಕ್ಕ ಏರದಿದ್ದರೆ ಮತ್ತೆ ಬಿತ್ತುವ ಮೊದಲು ಇಳಿಜಾರಿನ ಮೇಲಕ್ಕೆ ನಡೆದು ನೋಡಿ. ಕಲ್ಲುಸಾಲು ಎಲ್ಲೋ ಒಡೆದು ಮಣ್ಣುನೀರು ನುಗ್ಗುತ್ತಿರುತ್ತದೆ, ಇಲ್ಲವೇ ದನದ ಹೊಸ ದಾರಿಯೊಂದು ಬಿದ್ದಿರುತ್ತದೆ.