ಎಡಗಾಲಿನ ಹುಡುಗ್ರು ಹಾಜಿ ಆಟಾ ನೋಡಿ ಕಲಿಯೂದು ಹೆಂಗ

ನಮ್ಮ ಧಾರವಾಡದಾಗ ಸಂಜಿಮುಂದ ಗ್ರೌಂಡಿಗೆ ಹೋದ್ರ ಮುಕ್ಕಾಲು ಜಾಗಾ ಕ್ರಿಕೆಟ್‌ನವ್ರದು, ಉಳದ ಮೂಲ್ಯಾಗ ನಾವು ಫುಟ್ಬಾಲ್ ಆಡ್ತೀವಿ, ಅಲ್ಲೆ ಎಡಗಾಲಿನ ಹುಡುಗ ಯಾರರ ಬಂದ್ರ ಏನೂ ಕೇಳದ ಲೆಫ್ಟ್ ಬ್ಯಾಕ್, ಅಂದ್ರ ಹಿಂದ ಎಡಗಡೆ ಗೋಲ್ ಕಾಯಾಕ ನಿಲ್ಲಿಸಿಬಿಡ್ತಾರ. ಅಂಥಾ ಹುಡುಗ್ರಿಗೆ ನಾ ಹೇಳೂದು, ರೊಮೇನಿಯಾದ ಎಡಗಾಲಿನ ಫುಟ್ಬಾಲ್ ಆಟಗಾರ ಗ್ಯೋರ್ಗೆ ಹಾಜಿ ವಿಡಿಯೋ ನೋಡ್ರಿ. ಹುಡುಕುಮುಂದ ಎಚ್ ಎ ಜಿ ಐ ಅಂತ ಟೈಪ್ ಮಾಡ್ರಿ, ಆದ್ರ ಹಗಿ ಅನಬ್ಯಾಡ್ರಿ, ಹಾಜಿ.

ಮೊದಲ 1994ರ ವರ್ಲ್ಡ್ ಕಪ್‌ನ್ಯಾಗ ಕೊಲಂಬಿಯಾ ಮ್ಯಾಚ್. ರೊಮೇನಿಯಾ 3-1 ಗೆದ್ದದ್ದು. ಎಡಗಡೆ ಸೈಡ್ ಲೈನ್ ಹತ್ರ ಬಾಲ್ ಸಿಗತೈತಿ, ಎಲ್ಲಾರೂ ಕ್ರಾಸ್ ಅನ್ಕೊಂಡ್ರ ಇಂವಾ ಅಲ್ಲಿಂದನ ಗೋಲಿಗೆ ಎತ್ತಿ ಹೊಡದ, ಕೀಪರ್ ಕಾರ್ಡೊಬಾ ಮುಂದ ಬಂದು ನಿಂತಿದ್ದ, ಬಾಲ್ ಅವನ ತಲಿ ಮ್ಯಾಲಿಂದ ಹೋಗಿ ಆ ಕಡೆ ಮೂಲಿಗೆ ಬಿತ್ತು. ಇದನ್ನ ಹತ್ತು ಸಲ ನೋಡ್ರಿ, ಆದ್ರ ಕಾಲು ನೋಡಬ್ಯಾಡ್ರಿ, ಕಣ್ಣು ನೋಡ್ರಿ! ಕೀಪರ್ ಎಲ್ಲಿ ನಿಂತಾನ ಅಂತ ನೋಡ್ಕೊಂಡವಂಗ ಆ ಗೋಲ್ ಹೊಳಿಯೂದು. ಹೈಲೈಟ್ಸ್‌ನ್ಯಾಗ ಇದು ಸರಿಯಾಗಿ ಕಾಣಂಗಿಲ್ಲ, ಪೂರಾ ಮ್ಯಾಚ್ ಸಿಕ್ರ ಹಾಕ್ಕೊಂಡು ಬಾಲ್ ಬರೂಕಿಂತ ಮೊದ್ಲ ಅಂವಾ ಎಷ್ಟು ಸಲ ಕುತ್ತಿಗಿ ತಿರಗಸ್ತಾನ ಎಣಿಸ್ರಿ. ಆಮ್ಯಾಲೆ ಅರ್ಜೆಂಟೀನಾ ಮ್ಯಾಚ್, 3-2, ಅದ್ರಾಗ ತನ್ನ ಟೀಮಿನ ದುಮಿತ್ರೆಸ್ಕುಗ ಕೊಟ್ಟ ಪಾಸ್ ನೋಡ್ರಿ.

ಪ್ರಾಕ್ಟೀಸ್ ಹಿಂಗ ಮಾಡ್ರಿ. ಗ್ವಾಡಿಯಿಂದ ಐದಾರು ಹೆಜ್ಜಿ ದೂರ ನಿಲ್ರಿ, ಹಿಂದ ದೋಸ್ತನ್ನ ನಿಲ್ಲಿಸ್ರಿ. ಬಾಲ್ ಗ್ವಾಡಿಗೆ ಒದ್ದ ಕೂಡ್ಲೆ ಅಂವಾ ಬೆರಳು ಎತ್ತಬೇಕು, ಬಾಲ್ ವಾಪಸ್ ಕಾಲಿಗೆ ಬರೂದ್ರಾಗ ನೀವು ಹಿಂದ ತಿರುಗಿ ನೋಡಿ ಎಷ್ಟು ಬೆರಳು ಅಂತ ಹೇಳಿ, ಎಡಗಾಲಿಲೆ ಹಿಡದು ತಿರುಗಬೇಕು. ಮೊದಲ ವಾರ ಬಾಲ್ ಕಾಲಾಗಿಂದ ಜಾರಿ ಗಟಾರಕ್ಕ ಹೋಗತೈತಿ, ನನಗೂ ಹಂಗ ಆಗಿತ್ತು, ಬಿಡಬ್ಯಾಡ್ರಿ. ಮಳಿಗಾಲದಾಗಂತೂ ಕೆಂಪು ರಾಡ್ಯಾಗ ಬಾಲ್ ಉರುಳಂಗನ ಇಲ್ಲ, ಆವಾಗ ಫ್ರೀ ಕಿಕ್ ಹಿಡ್ಕೊಳ್ರಿ, ಗ್ವಾಡಿ ಮ್ಯಾಲ ಖಡುಲೆ ಚೌಕ ಬರದು ಅದಕ್ಕ ಹೊಡೀರಿ. 1987ರಾಗ ಯುರೋಪಿನ ಸೂಪರ್ ಕಪ್‌ನ್ಯಾಗ ದಿನಾಮೋ ಕೀವ್ ಮ್ಯಾಲ ರೊಮೇನಿಯಾದ ಸ್ಟೆಯಾವಾ ಕ್ಲಬ್ 1-0 ಗೆದ್ದಿದ್ದು ಇವನ ಫ್ರೀ ಕಿಕ್‌ಲೆ, ಅದೂ ಆ ಮ್ಯಾಚಿಗಂತ ಬ್ಯಾರೆ ಕ್ಲಬ್ಬಿಂದ ತಂದಿದ್ರು, ಆಮ್ಯಾಲೆ ವಾಪಸ್ ಕಳಸಲೇ ಇಲ್ಲ ನೋಡ್ರಿ.

ಟೀಮಿನ್ಯಾಗ ಸೆಲೆಕ್ಟ್ ಆಗಲಿಲ್ಲಂತ ಮಾರಿ ಸಣ್ಣ ಮಾಡ್ಕೊಂಡು ಕುಂತವ್ರು ಹಾಜಿ ಆಡಿದ ಇಟಲಿಯ ಬ್ರೆಶಾ ಕ್ಲಬ್ಬಿನ ಕಥಿ ಓದ್ರಿ. ರಿಯಲ್ ಮ್ಯಾಡ್ರಿಡ್ ಬಿಟ್ಟು 1992ರಾಗ ಅಲ್ಲಿಗೆ ಹೋದ, ಮರುವರ್ಷನ ಟೀಮ್ ಕೆಳಗಿನ ಡಿವಿಜನ್ನಿಗೆ ಬಿತ್ತು, ಇಂವಾ ಅಲ್ಲೇ ಆಡಿದ, ಟೀಮ್ ಮ್ಯಾಲ ಬಂತು, ಅದ ಬ್ಯಾಸಗಿಗೆ ವರ್ಲ್ಡ್ ಕಪ್, ಅಲ್ಲಿಂದ ಸೀದಾ ಬಾರ್ಸಿಲೋನಾ.

ಒಂದು ಮಾತ್ರ ಇವನ್ನ ನೋಡಿ ಕಲೀಬ್ಯಾಡ್ರಿ, ಸಿಟ್ಟು. 2000ದಾಗ ಟರ್ಕಿಯ ಗಲಾಟಸರಾಯ್ ಕ್ಲಬ್ಬಿಗೆ ಆಡುಮುಂದ ಯುಇಎಫ್ಎ ಕಪ್ ಫೈನಲ್, ಎದುರಿಗೆ ಆರ್ಸೆನಲ್, ಎಕ್ಸ್ಟ್ರಾ ಟೈಮಿನ್ಯಾಗ ರೆಡ್ ಕಾರ್ಡ್ ತಗೊಂಡು ಹೊರಗ ಹೋದ. ಉಳದ ಹತ್ತು ಮಂದಿ ಪೆನಾಲ್ಟಿ ತನಕ ಎಳದು ಗೆದ್ರು, ಬಚಾವ್. ಒಂದ ತಿಂಗಳಿಗೆ ಯೂರೋ ಕಪ್‌ನ್ಯಾಗ ರೊಮೇನಿಯಾಕ್ಕ ಆಡುಮುಂದ ಇಟಲಿ ಮ್ಯಾಲ ಮತ್ತ ರೆಡ್ ಕಾರ್ಡ್, ಆ ಸಲ ಬಚಾವ್ ಆಗಲಿಲ್ಲ. ನಮ್ಮ ಸಂಡೇ ಮ್ಯಾಚಿನ್ಯಾಗ ರೆಫ್ರಿ ಜೋಡಿ ಜಗಳಾ ತಗದವ್ರಿಗೆ ಒಂದ ನಿಯಮ ಮಾಡೇವಿ, ಅವತ್ತು ಎಲ್ಲಾರಿಗೂ ಗಿರ್ಮಿಟ್ ಅವಂದ.